ಅಜ್ಜಿಯ ಮಾತ್ರೆ ತಾತನಿಗೆ

"ಟೆಕ್ನಿಕಲ್ ಆಗಿರೋ ವಿಷಯ ಬರಿ, ಆದ್ರೆ ಕನ್ನಡದಲ್ಲಿ ಬರಿ" ಅಂತ ನಮ್ಮ ಸಂಘದವರು ಕೇಳಿದಾಗ ಉಳಿದವರೆಲ್ಲ ಡ್ರೋನು, ಎಐ, ಚಂದ್ರಯಾನ ಅಂತ ಒಳ್ಳೊಳ್ಳೆ ವಿಷಯ ಹಿಡಿದುಕೊಂಡರು. ನಾನು ಬರೆಯುತ್ತಿರುವುದು ಉಚ್ಚೆಯ ಬಗ್ಗೆ. ನಗುವವರು ಈಗಲೇ ನಕ್ಕುಬಿಡಿ. ನಮ್ಮ ಮನೆಯಲ್ಲಿ ಈ ವಿಷಯವನ್ನು ಯಾರೂ ಬಾಯಿಬಿಟ್ಟು ಮಾತಾಡದೆ ಹೋಗಿದ್ದರಿಂದ, ಮತ್ತೆ ನಾನು ಅರ್ಧ ತಿಳ್ಕೊಂಡು ಪೂರ್ತಿ ಮಾತಾಡಿದ್ದರಿಂದ, ನಮ್ಮ ತಾತ ಒಂದು ರಾತ್ರಿಯೆಲ್ಲ ನರಳಬೇಕಾಯಿತು. ಅದನ್ನ ಹೇಳಿಕೊಳ್ಳೋದಕ್ಕೇ ಈ ಬರಹ.

ನಮ್ಮೂರಿರುವುದು ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿಯಲ್ಲಿ. ಕಡಲೆಕಾಯಿ, ರಾಗಿ, ಬೋರ್‌ವೆಲ್ ಇದ್ದವರಿಗೆ ಒಂದಿಷ್ಟು ಅಡಿಕೆ. ಅಜ್ಜಿಗೆ ಎಪ್ಪತ್ತರ ಹತ್ತಿರ, ತಾತನಿಗೆ ಎಪ್ಪತ್ತಾರು. ಅಜ್ಜಿ ಒಂದು ಕಾಲದಲ್ಲಿ ಊರೂರು ತಿರುಗಿದವಳು. ಮಧುಗಿರಿ ದಂಡಿನ ಮಾರಮ್ಮನ ಜಾತ್ರೆ ತಪ್ಪಿಸುತ್ತಿರಲಿಲ್ಲ, ಸಿದ್ಧರಬೆಟ್ಟ ಹತ್ತುವಾಗ ನಮಗಿಂತ ಮುಂದಿರುತ್ತಿದ್ದಳು. ಎರಡು ಮೂರು ವರ್ಷದಿಂದ ಯಾಕೋ ಎಲ್ಲೂ ಬರುತ್ತಿರಲಿಲ್ಲ. ಮದುವೆಗೆ ಕರೆದರೆ "ಮಂಡಿ ನೋವು", ನಾಮಕರಣಕ್ಕೆ ಕರೆದರೆ "ಹಸು ನೋಡ್ಕಳೋರು ಯಾರು". ನಾನು ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದಾಗ ತುಮಕೂರಿನಲ್ಲಿ ಒಂದು ಸನ್ಮಾನ ಇಟ್ಟುಕೊಂಡಿದ್ದರು. ಅದಕ್ಕೂ ಬರಲಿಲ್ಲ. ನನಗೆ ತುಂಬಾ ಬೇಜಾರಾಗಿತ್ತು.

ಕಾರಣ ಗೊತ್ತಾಗಿದ್ದು ಹೋದ ದಸರಾ ರಜೆಯಲ್ಲಿ. ಅಜ್ಜಿಯೂ ನಾನೂ ತುಮಕೂರಿಗೆ ಹೋಗಲೇಬೇಕಾದ ಕೆಲಸ ಬಂತು. ಬೆಳಗ್ಗೆಯಿಂದ ಅಜ್ಜಿ ಒಂದು ಲೋಟ ಕಾಫಿ ಕೂಡ ಕುಡಿಯಲಿಲ್ಲ. ಬಿಸಿಲಲ್ಲಿ ಬಸ್ಸಿಗೆ ಕಾಯುವಾಗ ನೀರಿನ ಬಾಟಲ್ ಕೊಟ್ಟರೆ ಬೇಡ ಅಂದಳು. ಕೊರಟಗೆರೆ ದಾಟಿದ ಮೇಲೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ಕಿವಿಯಲ್ಲಿ ಹೇಳಿದಳು: "ಮಗಾ, ಡ್ರೈವರಪ್ಪಂಗೆ ಒಸಿ ನಿಲ್ಸಕ್ಕೆ ಹೇಳೇ." ಬಸ್ಸು ನಿಲ್ಲುವಷ್ಟರಲ್ಲಿ ತಡವಾಗಿತ್ತು. ಸೀರೆಯ ನೆರಿಗೆ ಮುಚ್ಚಿಕೊಂಡು ಅಜ್ಜಿ ಕಿಟಕಿ ಕಡೆ ಮುಖ ತಿರುಗಿಸಿ ಕುಳಿತಳು. ತುಮಕೂರು ಬರುವವರೆಗೂ ಒಂದು ಮಾತಾಡಲಿಲ್ಲ.

ಆವತ್ತು ರಾತ್ರಿ ಎಲ್ಲ ಹೇಳಿದಳು. "ಬಂತು ಅನ್ನೋದ್ರೊಳಗೆ ಬಂದ್ಬುಡ್ತದೆ ಕಣೇ. ತಡ್ಕಳಕ್ಕೆ ಆಗಕ್ಕಿಲ್ಲ. ದಿನಕ್ಕೆ ಹದಿನೈದು ಸಲ ಹೋಗ್ತೀನಿ. ಯಾರ್ ಹತ್ರ ಹೇಳನ?" ಮನೆಯಲ್ಲಿ ಆರು ಜನ ಇದ್ದೇವೆ. ಮೂರು ವರ್ಷದಿಂದ ಒಬ್ಬರಿಗೂ ಗೊತ್ತಿರಲಿಲ್ಲ. ವಯಸ್ಸಾದ ಮೇಲೆ ಇದು ಹೀಗೇ ಅಂತ ಅಜ್ಜಿ ತಾನೇ ತೀರ್ಮಾನ ಮಾಡಿಕೊಂಡಿದ್ದಳು.

ಮಾರನೆಯ ವಾರ ಅಮ್ಮ ಮತ್ತು ನಾನು ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಮೂತ್ರ ಪರೀಕ್ಷೆ ಮಾಡಿಸಿದರು, ಸೋಂಕು ಇರಲಿಲ್ಲ. ಶುಗರ್ ಇರಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ಕಲ್ಲು ಇರಲಿಲ್ಲ. ಒಂದಕ್ಕೆ ಹೋಗಿ ಬಂದ ಮೇಲೆ ಮತ್ತೆ ಸ್ಕ್ಯಾನ್ ಮಾಡಿ ಒಳಗೆ ಎಷ್ಟು ಉಳಿದಿದೆ ಅಂತ ನೋಡಿದರು, ಹೆಚ್ಚೇನೂ ಉಳಿದಿರಲಿಲ್ಲ. (ಈ ಕೊನೆಯ ಪರೀಕ್ಷೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.) "ಓವರ್‌ಆಕ್ಟಿವ್ ಬ್ಲಾಡರ್, ಮೂತ್ರಕೋಶದ ಅತಿ ಚಟುವಟಿಕೆ" ಅಂದರು. ಸೊಲಿಫೆನಾಸಿನ್ ಅನ್ನೋ ಮಾತ್ರೆ, ದಿನಕ್ಕೊಂದು. ಜೊತೆಗೆ ಯಾವಾಗ ಎಷ್ಟು ಕುಡಿದೆ, ಯಾವಾಗ ಹೋದೆ ಅಂತ ಬರೆದಿಡುವ ಒಂದು ಪಟ್ಟಿ. ಅಜ್ಜಿಗೆ ಬರೆಯಲು ಬಾರದು, ಗೋಡೆ ಕ್ಯಾಲೆಂಡರಿನಲ್ಲಿ ಇದ್ದಿಲಿನ ಗೆರೆ ಎಳೆದಳು. ಮೂರ್ನಾಲ್ಕು ವಾರದಲ್ಲಿ ಹದಿನೈದು ಗೆರೆ ಎಂಟಕ್ಕೆ ಇಳಿಯಿತು. ಕಾರ್ತೀಕದಲ್ಲಿ ಕೊರಟಗೆರೆಯ ಒಂದು ಮದುವೆಗೆ ಅಜ್ಜಿ ತಾನಾಗೇ ರೇಷ್ಮೆ ಸೀರೆ ಉಟ್ಟು ಹೊರಟಳು. ಆ ಫೋಟೋ ಇನ್ನೂ ನನ್ನ ಮೊಬೈಲಿನ ವಾಲ್‌ಪೇಪರ್.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಈ ಕಥೆಯ ಹೀರೋಯಿನ್. ಆದರೆ ನನಗೆ ಸ್ವಲ್ಪ ಜಂಬ ಬಂದಿತ್ತು. ಆ ಮಾತ್ರೆ ಹೇಗೆ ಕೆಲಸ ಮಾಡುತ್ತದೆ ಅಂತ ಹಾಸ್ಟೆಲ್‌ನಲ್ಲಿ ಕೂತು ಓದಿದೆ. ಓದಿದ್ದಷ್ಟನ್ನು ಹೇಳುತ್ತೇನೆ, ಯಾಕಂದರೆ ನಿಜಕ್ಕೂ ಚೆನ್ನಾಗಿದೆ.

ಮೂತ್ರಕೋಶ ಅಂದರೆ ಒಂದು ಸ್ನಾಯುವಿನ ಚೀಲ. ಮುನ್ನೂರರಿಂದ ಐನೂರು ಮಿಲಿಲೀಟರ್ ಹಿಡಿಯುತ್ತದೆ. ಅದರ ಗೋಡೆಯ ಸ್ನಾಯುವಿಗೆ ಡಿಟ್ರೂಸರ್ ಅಂತ ಹೆಸರು. ನಮ್ಮ ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಅಂದರೆ, ಈ ಟ್ಯಾಂಕು ತುಂಬುವಾಗ ತಾನೇ ಸಡಿಲಗೊಂಡು ಜಾಗ ಮಾಡಿಕೊಡುತ್ತದೆ, ಖಾಲಿಯಾಗುವಾಗ ತಾನೇ ಹಿಂಡಿಕೊಳ್ಳುತ್ತದೆ. ಟ್ಯಾಂಕೂ ಅದೇ, ಪಂಪೂ ಅದೇ. ಯಾವಾಗ ಟ್ಯಾಂಕು, ಯಾವಾಗ ಪಂಪು ಅನ್ನೋದನ್ನ ಹೇಳುವುದು ನರಗಳು. ನರಗಳು ಸ್ನಾಯುವಿಗೆ ಹೇಳುವುದು ರಾಸಾಯನಿಕದ ಮೂಲಕ. ಆ ರಾಸಾಯನಿಕವನ್ನು ಹಿಡಿದುಕೊಳ್ಳಲು ಸ್ನಾಯುವಿನ ಜೀವಕೋಶದ ಮೈಮೇಲೆ ಇರುವ ಪ್ರೋಟೀನುಗಳೇ ಗ್ರಾಹಕಗಳು. ಗ್ರಾಹಕ ಅಂದರೆ ಅಂಗಡಿಗೆ ಬರುವ ಕಸ್ಟಮರ್ ಅಲ್ಲ, ರಿಸೆಪ್ಟರ್. ಬೀಗ ಅಂದುಕೊಳ್ಳಿ. ಸರಿಯಾದ ಕೀಲಿ ಬಂದು ಕೂತರೆ ಒಳಗೆ ಕೆಲಸ ಶುರು.

ನರದ ತುದಿಯಿಂದ ಸ್ನಾಯುವಿಗೆ ರಾಸಾಯನಿಕ ಹೋಗುತ್ತದೆ ಅನ್ನೋದೇ ನೂರು ವರ್ಷದ ಹಿಂದೆ ಖಾತ್ರಿ ಇರಲಿಲ್ಲ. ಬರೀ ಕರೆಂಟ್ ಹರಿಯುತ್ತದೆ ಅಂದುಕೊಂಡವರು ತುಂಬಾ ಜನ ಇದ್ದರು. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿದ್ದ ಆಟೋ ಲೋವಿ ಎಂಬುವವರು ಒಂದು ಕಪ್ಪೆಯ ಹೃದಯದ ನರವನ್ನು ಪ್ರಚೋದಿಸಿ, ಆ ಹೃದಯವನ್ನು ಇಟ್ಟಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ನರದ ಸಂಪರ್ಕವೇ ಇಲ್ಲದ ಆ ಎರಡನೇ ಹೃದಯವೂ ನಿಧಾನವಾಯಿತು. ಅಂದರೆ ದ್ರವದಲ್ಲಿ ಏನೋ ಇದೆ. ಇದು 1921ರಲ್ಲಿ ಪ್ರಕಟವಾಯಿತು. ಪ್ರಯೋಗದ ಉಪಾಯ ಕನಸಿನಲ್ಲಿ ಹೊಳೆಯಿತಂತೆ, ನಿದ್ದೆಗಣ್ಣಿನಲ್ಲಿ ಗೀಚಿಟ್ಟಿದ್ದನ್ನು ಬೆಳಗ್ಗೆ ತಮಗೇ ಓದಲಾಗಲಿಲ್ಲವಂತೆ, ಮಾರನೆಯ ರಾತ್ರಿ ಮತ್ತೆ ಅದೇ ಕನಸು ಬಿದ್ದಾಗ ಎದ್ದು ಸೀದಾ ಲ್ಯಾಬಿಗೆ ಓಡಿದರಂತೆ. ಆ ವಸ್ತು ಅಸಿಟೈಲ್‌ಕೋಲಿನ್. 1936ರಲ್ಲಿ ಲೋವಿ ಮತ್ತು ಹೆನ್ರಿ ಡೇಲ್ ಇಬ್ಬರಿಗೂ ನೊಬೆಲ್ ಬಂತು.

ಮೂತ್ರಕೋಶಕ್ಕೆ "ಹಿಂಡು" ಅಂತ ಹೇಳುವುದೂ ಇದೇ ಅಸಿಟೈಲ್‌ಕೋಲಿನ್. ಅದನ್ನು ಹಿಡಿಯುವ ಗ್ರಾಹಕಗಳಿಗೆ ಮಸ್ಕರಿನಿಕ್ ಗ್ರಾಹಕಗಳು ಅಂತಾರೆ. ಡಿಟ್ರೂಸರ್ ಸ್ನಾಯುವಿನಲ್ಲಿ ಮುಖ್ಯವಾಗಿ ಎರಡು ಬಗೆ, ಎಂ2 ಮತ್ತು ಎಂ3. ತಮಾಷೆ ಏನಂದರೆ ಲೆಕ್ಕದಲ್ಲಿ ಹೆಚ್ಚಿರುವುದು ಎಂ2, ಆದರೆ ಹಿಂಡುವ ಕೆಲಸವನ್ನು ಬಹುಮಟ್ಟಿಗೆ ಮಾಡಿಸುವುದು ಎಂ3. ನಮ್ಮ ಮಿನಿ ಪ್ರಾಜೆಕ್ಟ್ ಟೀಮುಗಳ ಹಾಗೆ. ಎಂ3 ಚಾಲೂ ಆದರೆ ಜೀವಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಕ್ಯಾಲ್ಸಿಯಂ ಏರಿದರೆ ಸ್ನಾಯು ಸಂಕುಚಿಸುತ್ತದೆ. ಅಜ್ಜಿಯಂಥವರಲ್ಲಿ ಚೀಲ ಪೂರ್ತಿ ತುಂಬುವ ಮುಂಚೆಯೇ, ಮಿದುಳು ಅಪ್ಪಣೆ ಕೊಡದೇ, ಈ ಸ್ನಾಯು ತನ್ನಷ್ಟಕ್ಕೆ ಹಿಂಡಲು ಶುರುಮಾಡುತ್ತದೆ. ಸೊಲಿಫೆನಾಸಿನ್ ಹೋಗಿ ಮಸ್ಕರಿನಿಕ್ ಬೀಗದ ತೂತಿಗೆ ಅಡ್ಡ ಕೂರುತ್ತದೆ. ಕೀಲಿ ಬಂದರೂ ಒಳಗೆ ಹೋಗುವುದಿಲ್ಲ. ಹಿಂಡುವುದು ಕಡಿಮೆಯಾಗುತ್ತದೆ. ಇಷ್ಟೇ.

ಎಷ್ಟು ಸುಲಭ ಅನ್ನಿಸಿತು ನನಗೆ.

ಜನವರಿಯಲ್ಲಿ ಒಂದು ಸಂಜೆ ಅಜ್ಜಿ ಫೋನ್ ಮಾಡಿದಳು. ನಾನು ಲ್ಯಾಬ್ ರೆಕಾರ್ಡ್ ಬರೆಯುತ್ತಿದ್ದೆ. "ನಿಮ್ಮ ತಾತನೂ ರಾತ್ರಿ ಐದಾರು ಸಲ ಏಳ್ತಾರೆ ಕಣೇ. ನಿದ್ದೆನೇ ಇಲ್ಲ. ಕೇಳಿದ್ರೆ ಬೈತಾರೆ. ನಂಗಿದ್ದುದ್ದೇ ಅವರ್ಗೂ ಬಂದೈತೆ. ನನ್ ಮಾತ್ರೇಲೇ ಒಂದ್ ಕೊಡ್ಲಾ?"

ನಾನು ಒಂದು ನಿಮಿಷವೂ ಯೋಚಿಸಲಿಲ್ಲ. "ಕೊಡಜ್ಜಿ, ಅದೇ ಕಾಯಿಲೆ, ಅದೇ ಮಾತ್ರೆ. ದಿನಕ್ಕೊಂದು ಕೊಡು" ಅಂದೆ. ಹೇಳಿ ರೆಕಾರ್ಡ್ ಮುಂದುವರಿಸಿದೆ.

ಮೂರನೇ ರಾತ್ರಿ ಎರಡು ಗಂಟೆಗೆ ಚಿಕ್ಕಪ್ಪನ ಫೋನು. ಸಂಜೆಯಿಂದ ತಾತನಿಗೆ ಒಂದಕ್ಕೆ ಹೋಗಲು ಆಗಿಲ್ಲ. ಒಂದು ಹನಿ ಕೂಡ ಬರುತ್ತಿಲ್ಲ. ಹೊಕ್ಕುಳಿನ ಕೆಳಗೆ ಕಲ್ಲಿನ ಹಾಗೆ ಊದಿಕೊಂಡಿದೆ. ಹೊಲದಲ್ಲಿ ಹಾವು ಕಚ್ಚಿದಾಗಲೂ ಕೂಗದ ಮನುಷ್ಯ ಕೂಗುತ್ತಿದ್ದಾರೆ. ಪಕ್ಕದ ಮನೆಯವರ ಕಾರಿನಲ್ಲಿ ಮಧುಗಿರಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಫೋನಿನಲ್ಲಿ ಹಿಂದಿನಿಂದ ತಾತನ ದನಿ ಕೇಳಿಸುತ್ತಿತ್ತು. ಅದನ್ನು ಇಲ್ಲಿ ಬರೆಯಲು ನನಗೆ ಆಗುವುದಿಲ್ಲ.

ಆಸ್ಪತ್ರೆಯಲ್ಲಿ ತೂರುನಳಿಗೆ, ಅಂದರೆ ಕ್ಯಾಥೆಟರ್, ಹಾಕಿದರು. ಹತ್ತಿರ ಹತ್ತಿರ ಒಂದು ಲೀಟರ್ ಬಂತಂತೆ. ಹತ್ತು ನಿಮಿಷದಲ್ಲಿ ತಾತ ನಿದ್ದೆ ಹೋದರಂತೆ. ಆಮೇಲೆ ಡ್ಯೂಟಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಹೊಸದಾಗಿ ಯಾವ ಮಾತ್ರೆ ತಗೊಂಡ್ರು?" ಚಿಕ್ಕಪ್ಪನಿಗೆ ಗೊತ್ತಿರಲಿಲ್ಲ. ಅಜ್ಜಿ ಸೆರಗಿನ ಗಂಟು ಬಿಚ್ಚಿ ಮಾತ್ರೆಯ ಹಾಳೆ ತೋರಿಸಿದಳು. ಜೊತೆಗೆ ಇನ್ನೊಂದು ಸಂಗತಿಯೂ ಹೊರಬಂತು. ಆವತ್ತು ಮಧ್ಯಾಹ್ನ ತಾತ ನೆಗಡಿಗೆ ಅಂತ ಅಂಗಡಿಯಲ್ಲಿ ಕೇಳಿ ಎರಡು ಮಾತ್ರೆ ನುಂಗಿದ್ದರು.

ನಾನು ಎಲ್ಲಿ ತಪ್ಪಿದೆ ಅಂತ ಅರ್ಥವಾಗಲು ಮೂತ್ರಕೋಶದ ಇನ್ನರ್ಧ ಕಥೆ ಬೇಕು. ನಾನು ಓದದೆ ಬಿಟ್ಟಿದ್ದ ಅರ್ಧ.

ಚೀಲಕ್ಕೆ ಕೆಳಗೆ ಒಂದು ಕುತ್ತಿಗೆ ಇದೆ. ಗಂಡಸರಲ್ಲಿ ಆ ಕುತ್ತಿಗೆಯ ಕೆಳಗೇ ಪ್ರಾಸ್ಟೇಟ್ ಗ್ರಂಥಿ, ಮೂತ್ರನಾಳ ಅದರ ನಡುವೆ ತೂರಿಕೊಂಡು ಹೋಗುತ್ತದೆ. ವಯಸ್ಸಾದಂತೆ ಬಹಳ ಗಂಡಸರಲ್ಲಿ ಪ್ರಾಸ್ಟೇಟ್ ದೊಡ್ಡದಾಗಿ ನಾಳವನ್ನು ಒತ್ತುತ್ತದೆ. ಇದು ಕ್ಯಾನ್ಸರ್ ಅಲ್ಲ, ಸಾಮಾನ್ಯ ಬೆಳವಣಿಗೆ. ಆದರೆ ದಾರಿ ಇಕ್ಕಟ್ಟಾಗುತ್ತದೆ. ಹೋದಾಗ ಪೂರ್ತಿ ಖಾಲಿ ಆಗುವುದಿಲ್ಲ, ಅರ್ಧ ಒಳಗೇ ಉಳಿಯುತ್ತದೆ. ಅರ್ಧ ತುಂಬಿದ ಟ್ಯಾಂಕು ಬೇಗ ತುಂಬುತ್ತದೆ, ಹಾಗಾಗಿ ಪದೇ ಪದೇ ಏಳಬೇಕು. ಹೊರಗಿನಿಂದ ನೋಡಿದರೆ ಅಜ್ಜಿಗೂ ತಾತನಿಗೂ ಒಂದೇ ಲಕ್ಷಣ. ಒಳಗೆ ನೋಡಿದರೆ ಅಜ್ಜಿಯದು ಪಂಪು ಸುಮ್ಮನೆ ಚಾಲೂ ಆಗುವ ತೊಂದರೆ, ತಾತನದು ಪೈಪು ಕಟ್ಟಿಕೊಂಡ ತೊಂದರೆ. ಕಟ್ಟಿಕೊಂಡ ಪೈಪಿನಲ್ಲಿ ನೀರು ತಳ್ಳಲು ತಾತನ ಮೂತ್ರಕೋಶ ಹೆಚ್ಚು ಜೋರಿನಿಂದ ಹಿಂಡುತ್ತಿತ್ತು. ಆ ಒಂದು ಶಕ್ತಿಯನ್ನೇ ನಾನು ಹೇಳಿದ ಮಾತ್ರೆ ಕಿತ್ತುಕೊಂಡಿತು.

ಸೊಲಿಫೆನಾಸಿನ್‌ನ ಅರ್ಧಾಯುಷ್ಯ ಸುಮಾರು ಎರಡು ದಿನ. ಅಂದರೆ ಮೊದಲ ದಿನದ್ದು ಮೈಯಿಂದ ಹೋಗುವ ಮುಂಚೆ ಎರಡನೆಯದು, ಅದು ಹೋಗುವ ಮುಂಚೆ ಮೂರನೆಯದು. ಕೆಪಾಸಿಟರ್ ಚಾರ್ಜ್ ಆಗುವ ಗ್ರಾಫ್ ನಾವೆಲ್ಲ ಮೊದಲ ವರ್ಷವೇ ಬರೆದಿದ್ದೇವಲ್ಲ, ಹಾಗೆ ಏರುತ್ತಾ ಹೋಯಿತು. ಅದರ ಮೇಲೆ ನೆಗಡಿ ಮಾತ್ರೆ.

ಇಲ್ಲಿ ಇನ್ನೆರಡು ಗ್ರಾಹಕಗಳ ಪರಿಚಯ ಆಗಬೇಕು. ಮೂತ್ರಕೋಶ ತುಂಬುವ ಹೊತ್ತಿನಲ್ಲಿ ಇನ್ನೊಂದು ನರಜಾಲ ನಾರ್‌ಅಡ್ರಿನಲಿನ್ ಅನ್ನೋ ರಾಸಾಯನಿಕ ಬಿಡುತ್ತದೆ. ಚೀಲದ ಗೋಡೆಯಲ್ಲಿ ಅದನ್ನು ಹಿಡಿಯುವುದು ಬೀಟಾ-3 ಗ್ರಾಹಕ, ಪರಿಣಾಮ ಸ್ನಾಯು ಸಡಿಲ. ಕುತ್ತಿಗೆಯಲ್ಲಿ, ಪ್ರಾಸ್ಟೇಟ್‌ನಲ್ಲಿ ಅದನ್ನು ಹಿಡಿಯುವುದು ಆಲ್ಫಾ-1 ಗ್ರಾಹಕ, ಪರಿಣಾಮ ಸ್ನಾಯು ಬಿಗಿ. ಸಿಗ್ನಲ್ ಒಂದೇ, ಒಂದು ಕಡೆ ಟ್ಯಾಂಕು ಸಡಿಲ, ಇನ್ನೊಂದು ಕಡೆ ವಾಲ್ವ್ ಬಿಗಿ. ಎರಡೂ ಸೇರಿ ಸೋರದ ಹಾಗೆ ತುಂಬಿಸಿಟ್ಟುಕೊಳ್ಳುತ್ತವೆ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಇಷ್ಟು ಕಡಿಮೆ ವೈರಿನಲ್ಲಿ ಇಷ್ಟು ಕೆಲಸ ಮಾಡುವ ಸರ್ಕ್ಯೂಟ್ ನಮ್ಮ ಸಿಲಬಸ್ಸಿನಲ್ಲಿ ನಾನು ನೋಡಿಲ್ಲ.

ನೆಗಡಿ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಫಿನೈಲ್‌ಎಫ್ರಿನ್ ಅಂತ ಒಂದು ಇರುತ್ತದೆ. ಮೂಗಿನ ರಕ್ತನಾಳ ಬಿಗಿ ಮಾಡಿ ಮೂಗು ಬಿಡಿಸಲಿ ಅಂತ ಅದನ್ನು ಹಾಕಿರುತ್ತಾರೆ. ಅದು ಮಾಡುವುದು ಆಲ್ಫಾ-1 ಗ್ರಾಹಕವನ್ನು ಒತ್ತುವ ಕೆಲಸ. ಮೂಗಿನಲ್ಲಿ ಒತ್ತುವುದು ಮೂತ್ರಕೋಶದ ಕುತ್ತಿಗೆಯಲ್ಲೂ ಒತ್ತುತ್ತದೆ. ಅದರ ಜೊತೆಗಿರುವ ಕ್ಲೋರ್‌ಫೆನಿರಮಿನ್ ಅಲರ್ಜಿಗೆ ಕೊಡುವ ಔಷಧಿ, ಆದರೆ ಮಸ್ಕರಿನಿಕ್ ಗ್ರಾಹಕಕ್ಕೂ ಸ್ವಲ್ಪ ಅಡ್ಡ ಬರುತ್ತದೆ. ಹೀಗೆ ತಾತನ ಮೈಯಲ್ಲಿ ಆವತ್ತು ಎರಡು ಔಷಧಿ ಪಂಪ್ ನಿಲ್ಲಿಸಿದವು, ಒಂದು ಔಷಧಿ ವಾಲ್ವ್ ಮುಚ್ಚಿತು. ಪೈಪು ಮೊದಲೇ ಕಟ್ಟಿಕೊಂಡಿತ್ತು. ಅಜ್ಜಿಗೆ ಮಾತ್ರೆ ಬರೆಯುವ ಮುಂಚೆ ಡಾಕ್ಟರು "ಒಳಗೆ ಎಷ್ಟು ಉಳಿದಿದೆ" ಅಂತ ಸ್ಕ್ಯಾನ್ ಮಾಡಿಸಿದ್ದು ಇದಕ್ಕೇ. ನಾನು ಆ ಪ್ರಶ್ನೆಯನ್ನು ತಾತನ ವಿಷಯದಲ್ಲಿ ಕೇಳಲೇ ಇಲ್ಲ.

ಆ ವಾರ ಊರಿಗೆ ಹೋದಾಗ ಇನ್ನೊಂದು ಸಂಗತಿ ತಲೆಗೆ ಹೊಳೆಯಿತು. ನಾನು ಸಣ್ಣವಳಿದ್ದಾಗ ನಮ್ಮೂರಲ್ಲಿ ಒಬ್ಬರು ಬಾಯಿಗೆ ಬಟ್ಟೆ ಕಟ್ಟದೆ ಇಡೀ ಮಧ್ಯಾಹ್ನ ಬೆಳೆಗೆ ಔಷಧಿ ಹೊಡೆದು ಬಿದ್ದುಬಿಟ್ಟಿದ್ದರು. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಪಂಚೆ ಒದ್ದೆ. "ಹೆದ್ರಿಕೊಂಡು ಮಾಡ್ಕೊಂಡವ್ನೆ" ಅಂತ ಯಾರೋ ನಕ್ಕಿದ್ದು ನೆನಪು. ಹೆದರಿಕೆ ಅಲ್ಲ ಅದು. ಹೊಲಕ್ಕೆ ಹೊಡೆಯುವ ಎಷ್ಟೋ ಕೀಟನಾಶಕಗಳು ಆರ್ಗನೋಫಾಸ್ಫೇಟ್ ಜಾತಿಗೆ ಸೇರಿದವು. ಕೆಲಸ ಮುಗಿದ ಅಸಿಟೈಲ್‌ಕೋಲಿನ್ನನ್ನು ಒಡೆದು ಹಾಕುವ ಕಿಣ್ವವನ್ನು ಅವು ಕಟ್ಟಿಹಾಕುತ್ತವೆ. ಅಸಿಟೈಲ್‌ಕೋಲಿನ್ ಮೈಯೆಲ್ಲ ತುಂಬಿಕೊಂಡು ಎಲ್ಲ ಮಸ್ಕರಿನಿಕ್ ಬೀಗಗಳನ್ನೂ ಒಟ್ಟಿಗೆ ತೆರೆಯುತ್ತದೆ. ಜೊಲ್ಲು, ಬೆವರು, ಭೇದಿ, ಮೂತ್ರ ಎಲ್ಲವೂ. ಅಜ್ಜಿಯ ತೊಂದರೆಯ ನೂರು ಪಟ್ಟು ಅನ್ನಿ, ಜೀವಕ್ಕೇ ಅಪಾಯ. ಅದಕ್ಕೆ ಆಸ್ಪತ್ರೆಯಲ್ಲಿ ಕೊಡುವ ಔಷಧಿ ಅಟ್ರೊಪಿನ್, ಬೀಗಕ್ಕೆ ಅಡ್ಡ ಕೂರುವ ಹಳೆಯ ಔಷಧಿ.

ಅಟ್ರೊಪಿನ್ ಎಲ್ಲಿದೆ ಗೊತ್ತಾ? ನಮ್ಮ ತಿಪ್ಪೆಯ ಪಕ್ಕ ತಾನಾಗಿ ಬೆಳೆಯುವ ಉಮ್ಮತ್ತಿ ಗಿಡದಲ್ಲಿ. ಮುಳ್ಳು ಮುಳ್ಳು ಕಾಯಿ, ತುತ್ತೂರಿಯಂಥ ಹೂವು, ಶಿವರಾತ್ರಿಗೆ ಕಿತ್ತು ಶಿವನಿಗೆ ಇಡುತ್ತೇವಲ್ಲ, ಅದೇ. ಅದರ ಬೀಜ ತಿಂದವರಿಗೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ದೊಡ್ಡದಾಗುತ್ತದೆ, ಬುದ್ಧಿ ಕೆಡುತ್ತದೆ, ಉಚ್ಚೆ ಕಟ್ಟಿಕೊಳ್ಳುತ್ತದೆ. ಅಜ್ಜಿ ಮಾತ್ರೆ ಶುರುಮಾಡಿದಾಗ "ಬಾಯಿ ಹಂಚಿನಂಗಾಗೈತೆ" ಅನ್ನುತ್ತಿದ್ದುದಕ್ಕೂ ಕಾರಣ ಇದೇ. ಜೊಲ್ಲುಗ್ರಂಥಿಯಲ್ಲಿರುವುದೂ ಎಂ3. ಮಾತ್ರೆಗೆ ಬೀಗ ಗೊತ್ತು, ಮನೆ ಗೊತ್ತಿಲ್ಲ.

ತಾತನಿಗೆ ಈಗ ಟ್ಯಾಮ್ಸುಲೋಸಿನ್ ನಡೆಯುತ್ತಿದೆ. ಅದು ಆಲ್ಫಾ-1 ಗ್ರಾಹಕಕ್ಕೆ ಅಡ್ಡ ಕೂತು ಕುತ್ತಿಗೆ ಮತ್ತು ಪ್ರಾಸ್ಟೇಟ್‌ನ ಸ್ನಾಯು ಸಡಿಲ ಮಾಡುತ್ತದೆ. ದಡಕ್ಕನೆ ಎದ್ದರೆ ತಲೆ ಸುತ್ತಬಹುದು, ಮಂಚದ ಮೇಲೆ ಒಂದು ನಿಮಿಷ ಕೂತು ಏಳಿ ಅಂದಿದ್ದಾರೆ. ಕೆಲವು ದಿನದ ಮೇಲೆ ನಳಿಗೆ ತೆಗೆದರು, ತಾತ ತಾವೇ ಹೋಗಿ ಬಂದು ಗೆದ್ದವರ ಹಾಗೆ ಮೀಸೆ ಸವರಿಕೊಂಡರು. ಮಾತ್ರೆಯಲ್ಲಿ ಸಾಲದಿದ್ದರೆ ಆಪರೇಷನ್ ಅಂದಿದ್ದಾರೆ, ನೋಡಬೇಕು.

ಅಜ್ಜಿಗೂ ಮಾತ್ರೆ ಬದಲಾಯಿತು. ಈ ಅಡ್ಡ ಕೂರುವ ಜಾತಿಯ ಮಾತ್ರೆಗಳು ವಯಸ್ಸಾದವರಲ್ಲಿ ಮಲಬದ್ಧತೆ, ಮರೆವು, ಗೊಂದಲ ತರಬಹುದು ಅಂತ ಡಾಕ್ಟರು ಮಿರಾಬೆಗ್ರಾನ್ ಕೊಟ್ಟರು. ಇದು ಹಿಂಡುವ ಬೀಗವನ್ನು ಮುಚ್ಚುವುದಿಲ್ಲ, ಸಡಿಲ ಮಾಡುವ ಬೀಟಾ-3 ಬೀಗವನ್ನು ತೆರೆಯುತ್ತದೆ. ಜಪಾನಿನಲ್ಲಿ 2011ರಲ್ಲಿ, ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕ ಔಷಧಿ. ಬಿಪಿ ಆಗಾಗ ನೋಡುತ್ತಿರಬೇಕು. ಅಜ್ಜಿಯ ಬಾಯಿ ಮತ್ತೆ ಹಸಿಯಾಯಿತು, ಎಲೆಅಡಿಕೆ ಶುರುವಾಯಿತು.

ಗ್ರಾಹಕಗಳ ಕಥೆ ಸ್ನಾಯುವಿಗೇ ಮುಗಿಯುವುದಿಲ್ಲ. ಚೀಲ ಹಿಗ್ಗಿದಾಗ ಅದರ ಒಳಪದರ ಎಟಿಪಿ ಬಿಡುತ್ತದೆ, ಅದನ್ನು ಪಿ2ಎಕ್ಸ್3 ಎಂಬ ಗ್ರಾಹಕ ಹಿಡಿದು ನರಕ್ಕೆ "ತುಂಬಿತು" ಅಂತ ತಿಳಿಸುತ್ತದೆ. ಹಿಗ್ಗುವುದನ್ನೇ ನೇರವಾಗಿ ಅಳೆಯುವ ಪೀಜೋ2 ಅನ್ನೋ ಪ್ರೋಟೀನು ಮೂತ್ರಕೋಶದಲ್ಲಿ ಏನು ಕೆಲಸ ಮಾಡುತ್ತದೆ ಅಂತ 2020ರಲ್ಲಿ ತೋರಿಸಿದರು. ಪೀಜೋ ಪ್ರೋಟೀನುಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಬಂತು. ಸೆನ್ಸರ್, ಕಂಟ್ರೋಲರ್, ಆಕ್ಚುಯೇಟರ್ ಅಂತ ನಾವು ಬೋರ್ಡ್ ಮೇಲೆ ಡಬ್ಬಿ ಬರೆಯುತ್ತೇವಲ್ಲ, ಎಲ್ಲ ಡಬ್ಬಿಯೂ ಇಲ್ಲಿವೆ. ಯಾವ ಡಬ್ಬಿ ಕೆಟ್ಟರೂ ಹೊರಗೆ ಕಾಣುವ ಔಟ್‌ಪುಟ್ ಒಂದೇ, "ಪದೇ ಪದೇ ಹೋಗ್ತಾರೆ". ಶುಗರ್ ಇದ್ದರೂ ಅದೇ, ಸೋಂಕಿದ್ದರೂ ಅದೇ, ಕಲ್ಲಿದ್ದರೂ ಅದೇ. ಔಟ್‌ಪುಟ್ ನೋಡಿ ಕೆಟ್ಟ ಪಾರ್ಟ್ ಯಾವುದು ಅಂತ ಹೇಳಬಾರದು ಅಂತ ಲ್ಯಾಬಿನಲ್ಲಿ ನಮಗೆ ಎಷ್ಟು ಸಲ ಬೈದಿಲ್ಲ? ಮನೆಯವರ ಮೇಲೆ ಮಾತ್ರ ನಾನು ಅದನ್ನೇ ಮಾಡಿದೆ.

ಊರಿಗೆ ಹೋದ ದಿನ ತಾತನ ಹತ್ತಿರ ಹೇಳಿದೆ. "ಮಾತ್ರೆ ಕೊಡು ಅಂದಿದ್ದು ನಾನು ತಾತ." ಅಜ್ಜಿ ಆವರೆಗೆ ತಾನೇ ಕೊಟ್ಟೆ ಅಂತ ಎಲ್ಲರ ಹತ್ತಿರ ಬೈಸಿಕೊಂಡಿದ್ದಳು, ನನ್ನ ಹೆಸರು ಎತ್ತಿರಲಿಲ್ಲ. ತಾತ ಸ್ವಲ್ಪ ಹೊತ್ತು ಜಗಲಿ ಮೇಲೆ ಸುಮ್ಮನೆ ಕೂತಿದ್ದರು. ಆಮೇಲೆ, "ನಾನು ಎರಡ್ ವರ್ಷದಿಂದ ಹೇಳ್ದೆ ಇದ್ದಿದ್ದೂ ತಪ್ಪೇ ಬುಡು. ಧಾರೆ ಸಣ್ಣಗಾಗಿತ್ತು, ಯಾರಿಗ್ ಹೇಳನ ಅಂತ ಸುಮ್ಕಿದ್ದೆ" ಅಂದರು. ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಾರೆ. ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಕತ್ತಲಲ್ಲಿ ಎದ್ದು ಹೋಗಿ ಬರುತ್ತಿದ್ದರು.

ಗೆಳೆಯರೇ, ಈ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ನಿಮ್ಮ ಅಜ್ಜಿ ಯಾಕೆ ಬಸ್ಸು ಹತ್ತುತ್ತಿಲ್ಲ, ತಾತ ಬಚ್ಚಲಲ್ಲಿ ಯಾಕೆ ಅಷ್ಟು ಹೊತ್ತು ನಿಲ್ಲುತ್ತಾರೆ ಅಂತ ನಿಧಾನವಾಗಿ ಕೇಳಿ. ನೀರು ಕುಡಿಯುವುದು ಬಿಟ್ಟಿದ್ದಾರಾ ನೋಡಿ. ಮೂತ್ರದಲ್ಲಿ ರಕ್ತ, ಜ್ವರ, ಪೂರ್ತಿ ಕಟ್ಟಿಕೊಳ್ಳುವುದು ಇದ್ದರೆ ಬೆಳಗಾಗುವುದನ್ನು ಕಾಯಬೇಡಿ. ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಮಾತ್ರೆಗಳ ಹಾಳೆಯನ್ನೆಲ್ಲ, ನೆಗಡಿ ಮಾತ್ರೆಯದ್ದನ್ನೂ ಸೇರಿಸಿ, ಒಂದು ಕವರಿನಲ್ಲಿ ತೆಗೆದುಕೊಂಡು ಹೋಗಿ. ಫೋನಿನಲ್ಲಿ "ಅದೇ ಮಾತ್ರೆ ಕೊಡು" ಅಂತ ಮಾತ್ರ ಹೇಳಬೇಡಿ.

ಹೋದ ತಿಂಗಳು ಅಜ್ಜಿ ತಾತ ಇಬ್ಬರೂ ಒಟ್ಟಿಗೆ ಬಸ್ಸಿನಲ್ಲಿ ತುಮಕೂರಿಗೆ ಚೆಕಪ್‌ಗೆ ಹೋಗಿ ಬಂದರು. ಕೊರಟಗೆರೆಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತಂತೆ. "ನಾನು ಇಳೀಲಿಲ್ಲ, ನಿಮ್ಮ ತಾತ ಇಳಿದ್ರು" ಅಂತ ಅಜ್ಜಿ ಫೋನಿನಲ್ಲಿ ನಗುತ್ತಾ ಹೇಳಿದಳು. ಹಿಂದಿನಿಂದ ತಾತ, "ಟೀ ಕುಡಿಯಕ್ಕೆ ಇಳಿದಿದ್ದು ಕಣಮ್ಮ, ಅವಳ ಮಾತ್ ಕೇಳ್ಬ್ಯಾಡ" ಅಂತ ಕೂಗಿದರು.

— ಆರನೇ ಸೆಮಿಸ್ಟರ್, ಎಲೆಕ್ಟ್ರಾನಿಕ್ಸ್ ವಿಭಾಗ